ರೆಕ್ಕೆಯಿಲ್ಲದ ನೆಂಟರು

ಹಾಳುಬಾವಿಯ ಬಾಯಿಗೂ ಅದರ ಮೇಲೆ ಬಾಗಿಕೊಂಡ ಒಣಮರಕ್ಕೂ ನಡುವೆ, ಮಣ್ಣು ಮುಟ್ಟದ ಹಾಗೆ, ಗಾಳಿಯಲ್ಲೇ ಒಂದು ಊರಿತ್ತು. ಊರೆಂದರೆ ಬರೀ ದಾರ. ಬೀದಿ ದಾರ, ಗೋಡೆ ದಾರ, ಹೊಸ್ತಿಲು ದಾರ, ಮಲಗುವ ಚಾಪೆ ದಾರ. ಅಲ್ಲಿದ್ದವರೆಲ್ಲ ಜೇಡರು, ಅದರಲ್ಲೂ ಹೆಂಗಸರೇ. ಗಂಡಸರು ಇರಲಿಲ್ಲವೇ ಅಂದರೆ, ಬರುತ್ತಿದ್ದರು. ದೂರದಿಂದ ಬಂದು, ಬಲೆಯ ಅಂಚಿನಲ್ಲಿ ನಿಂತು, ದಾರವನ್ನು ಮೆಲ್ಲಗೆ ಮೀಟುತ್ತಿದ್ದರು. ಒಳಗಿನವಳಿಗೆ ಮನಸ್ಸಾದರೆ ಬಾ ಅನ್ನುವಳು. ಮದುವೆಯೂ ಅವತ್ತೇ, ತಿಥಿಯೂ ಅವತ್ತೇ, ಊಟ ಮಾತ್ರ ಒಂದೇ. ಹಾಗಾಗಿ ಆ ಊರಿನಲ್ಲಿ ಗಂಡನ ವಿಚಾರ ಬಂದರೆ ಯಾರೂ ಕಣ್ಣೀರು ಹಾಕುತ್ತಿರಲಿಲ್ಲ. ರುಚಿ ಹೇಗಿತ್ತೇ ಅಂತ ಕೇಳುತ್ತಿದ್ದರು.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹೊರಗಿನಿಂದ ಏನೇ ಬರಲಿ, ಹಾರಿ ಬರಲಿ, ತೆವಳಿ ಬರಲಿ, ಗಾಳಿ ತಂದು ಬಿಸಾಡಲಿ, ಕುಲ ಹೇಳಿಸದೆ ಅದನ್ನು ಮುಟ್ಟುವ ಹಾಗಿಲ್ಲ. ಕುಲ ಹೇಳುವುದಕ್ಕೆಂದೇ ಊರ ನಡುವೆ ಒಬ್ಬ ಮುದುಕಿ ಕೂತಿದ್ದಳು. ಅವಳನ್ನು ಕುಲದಜ್ಜಿ ಅನ್ನುತ್ತಿದ್ದರು. ಅವಳಿಗೂ ಒಂದು ಹೆಸರು ಇದ್ದಿರಬೇಕು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳು ಕೂರುವ ದಾರ ಅವಳ ತಾಯಿಯ ಹೊಟ್ಟೆಯಿಂದ ಬಂದದ್ದು. ಊರಿನ ಎಲ್ಲ ದಾರಗಳೂ ಬಂದು ಆ ದಾರಕ್ಕೇ ಸೇರುತ್ತಿದ್ದವು. ಎಲ್ಲಿ ಯಾರು ಸೀನಿದರೂ ಅಜ್ಜಿಯ ಪಾದಕ್ಕೆ ತಿಳಿಯುತ್ತಿತ್ತು. ಅಜ್ಜಿ ಒಂದು ಮಾತು ಆಡಿದರೆ ಊರಿನ ಎಲ್ಲ ಹೊಸ್ತಿಲೂ ನಡುಗುತ್ತಿತ್ತು.

ಏನಾದರೂ ಬಂದರೆ ಮನೆಯವಳು ದಾರ ಎಳೆಯುವಳು. ಅಜ್ಜಿ ಇಳಿದು ಬರುವಳು. ಮುಂಗಾಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಬಂದದ್ದನ್ನು ಬಾಲದಿಂದ ತಲೆಯವರೆಗೆ ತಡವುವಳು. ತಡವಿ, ವಾಪಸ್ಸು ಹೋಗಿ, ತನ್ನ ದಾರದ ಮೇಲೆ ಕೂತು ಹೇಳುವಳು:

"ಎರಡು ರೆಕ್ಕೆಯದು ಊಟ. ನಾಲ್ಕು ರೆಕ್ಕೆಯದು ಹಗೆ. ರೆಕ್ಕೆಯಿಲ್ಲದ್ದು ನೆಂಟ."

ನೊಣಕ್ಕೆ ಎರಡು ರೆಕ್ಕೆ, ಸುತ್ತಿ, ತಿನ್ನಿ. ಕಡಜಕ್ಕೆ ನಾಲ್ಕು, ಬಾಗಿಲು ಹಾಕಿಕೊಳ್ಳಿ. ರೆಕ್ಕೆಯೇ ಇಲ್ಲದ್ದು ಬಂದರೆ, ನಮಗೂ ಇಲ್ಲ ಅದಕ್ಕೂ ಇಲ್ಲ, ಹಾಗಾದರೆ ನಮ್ಮ ಪೈಕಿ. ಮೊಣಕಾಲ ಮೇಲೆ ಕೂರಿಸಿಕೊಂಡು "ಇರು" ಅನ್ನಬೇಕು. ಯಾವಾಗ ಹೋಗುತ್ತೀಯ ಅಂತ ನೆಂಟರನ್ನು ಕೇಳುವ ಹಾಗಿಲ್ಲ. ಚಿಟ್ಟೆಗೂ ನಾಲ್ಕು ರೆಕ್ಕೆ, ಅದೂ ಹಗೆಯೇ. ಹಗೆ ಹಗೆ ಅಂತ ಮುಂಬಾಗಿಲು ಹಾಕಿ, ಹಿತ್ತಲಲ್ಲಿ ಚಿಟ್ಟೆ ಸುತ್ತಿಟ್ಟುಕೊಂಡವರು ಯಾರು ಯಾರು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಮೂತಿಯ ಮೇಲಿನ ಬಣ್ಣದ ಪುಡಿ ಮುಚ್ಚಿಡುವುದಕ್ಕೆ ಆಗುತ್ತದೆಯೇ?

ಅಜ್ಜಿ ಆಡಿದ ಮಾತನ್ನು ಅಜ್ಜಿಯೇ ಅಳಿಸಬಹುದಿತ್ತು. ಆದರೆ ಹಾಗೆ ಅಳಿಸಬೇಕಾದರೆ ತಾನು ಕೂತ ದಾರವನ್ನು ತಾನೇ ಕಡಿಯಬೇಕು. ಯಾರೂ ಕಡಿದದ್ದಿಲ್ಲ. ಕೂತ ಜಾಗವನ್ನು ತಾವೇ ಕಡಿದುಕೊಳ್ಳುವವರು ಯಾವ ಊರಲ್ಲಿದ್ದಾರೆ, ಹೇಳಿ.

ಕುಲದಜ್ಜಿಗೆ ಒಬ್ಬಳೇ ಮಗಳು. ನೇಯ್ಗೆಯಲ್ಲಿ ಅವಳನ್ನು ಮೀರಿದವರು ಇರಲಿಲ್ಲ. ಬೆಳಗಿನ ಮಂಜು ಬಿದ್ದಾಗ ಅವಳ ಬಲೆಯ ಮುಂದೆ ಬೇರೆಯವರ ಬಲೆಗಳು ಹರಿದ ಗೋಣಿಯ ಹಾಗೆ ಕಾಣುತ್ತಿದ್ದವು. ಪಕ್ಕದ ಬಲೆಯವಳಿಗೆ ಇದೇ ಹೊಟ್ಟೆಯುರಿ. ನಾಲಿಗೆ ಬೇರೆ ಉದ್ದ. ಅವಳ ಮನೆಯಲ್ಲಿ ದಾರಕ್ಕಿಂತ ಮಾತೇ ಹೆಚ್ಚು ಹೊರಬರುತ್ತಿತ್ತು.

ಹಿಂದೊಮ್ಮೆ ಮಗಳೂ ಮೊಟ್ಟೆಯಿಟ್ಟು, ರೇಷ್ಮೆಯ ಚೀಲದಲ್ಲಿ ಸುತ್ತಿ, ಹೊಸ್ತಿಲಿಗೆ ತೂಗುಹಾಕಿದ್ದಳು. ಮರದ ಕಡೆಯಿಂದ ಇರುವೆಗಳು ಸಾಲಾಗಿ ಬಂದವು. ಅಜ್ಜಿ ತಡವಿದಳು. ರೆಕ್ಕೆಯಿಲ್ಲ. "ನೆಂಟ" ಅಂದಳು. ನೆಂಟರು ಬಂದರು, ಮೊಣಕಾಲ ಮೇಲೆ ಕೂತರು, ಹೋಗುವಾಗ ಮೊಟ್ಟೆಯ ಚೀಲವನ್ನೂ ಹೊತ್ತುಕೊಂಡು ಹೋದರು.

"ಹೋಗೋ ನೆಂಟರ ಕೈಲಿ ಏನಾದ್ರೂ ಕೊಟ್ಟು ಕಳಿಸೋದು ವಾಡಿಕೆ ತಾನೇ" ಅಂತ ಪಕ್ಕದ ಬಲೆಯವಳು ನಕ್ಕಳು.

ಮಗಳು ಖಾಲಿ ಹೊಸ್ತಿಲಿನ ಕೆಳಗೆ ಕೂತು ನೇಯುತ್ತಲೇ ಇದ್ದಳು. ಅದರ ನಂತರ ಎಷ್ಟು ಗಂಡಸರು ಬಂದು ಮೀಟಿದರೂ ಬಾ ಅನ್ನಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಮಗಳು ದಾರ ಎಳೆದಳು.

ಅಜ್ಜಿ ಇಳಿದು ಬಂದು ನೋಡುತ್ತಾಳೆ, ಹೊಸ್ತಿಲ ಮೇಲೆ ಒಂದು ಚುಕ್ಕಿ. ಮಸಿಯಿಂದ ಉದುರಿದಂಥ ಚುಕ್ಕಿ. ಆದರೆ ಆ ಚುಕ್ಕಿ ಬಾಲದ ಮೇಲೆ ನೆಟ್ಟಗೆ ನಿಂತಿತ್ತು. ನಿಂತು, ಗಾಳಿಯನ್ನು ಮೂಸಿ ನೋಡುವವರ ಹಾಗೆ ತೂಗಾಡುತ್ತಿತ್ತು. ದಾರ ನಡುಗಿದರೆ ಅದೂ ನಡುಗುತ್ತಿತ್ತು. ಯಾರಾದರೂ ಹತ್ತಿರ ಬಂದರೆ ಬೆನ್ನು ಬಗ್ಗಿಸಿ ಚಿಮ್ಮುತ್ತಿತ್ತು.

"ಏನವ್ವ ಇದು?" ಅಂದಳು ಮಗಳು. "ಎಷ್ಟು ಸಣ್ಣಕ್ಕಿದೆ ನೋಡು."

ಅಜ್ಜಿ ಕಾಲಿನ ತುದಿ ಒದ್ದೆ ಮಾಡಿಕೊಂಡು ತಡವಿದಳು. ಬಾಲ ಇತ್ತು. ಬೆನ್ನಿನ ಮೇಲೆ ಸಣ್ಣ ಮುಳ್ಳು ಇದ್ದವು. ರೆಕ್ಕೆ ಇರಲಿಲ್ಲ. ಅವಳ ಕಾಲಿಗೆ ಏನೋ ಕಸಿವಿಸಿ ಆಯಿತು, ಆದರೆ ಕಸಿವಿಸಿ ಅನ್ನುವ ಕುಲ ಅವಳ ತಾಯಿ ಹೇಳಿಕೊಟ್ಟಿರಲಿಲ್ಲ. ಮೇಲೆ ಹೋಗಿ ದಾರದ ಮೇಲೆ ಕೂತು "ನೆಂಟ" ಅಂದಳು. ಊರೆಲ್ಲ ನಡುಗಿತು.

ಮಗಳು ಚುಕ್ಕಿಯನ್ನು ಮೊಣಕಾಲ ಮೇಲೆ ಕೂರಿಸಿಕೊಂಡು, ಬಹಳ ದಿನದ ಮೇಲೆ ನಗುನಗುತ್ತಾ, "ಇರು" ಅಂದಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮೊಣಕಾಲ ಮೇಲೆ ಚುಕ್ಕಿ ಇರಲಿಲ್ಲ. ಕೀಲಿನ ಹತ್ತಿರ ತೆಳ್ಳಗಿನ ಚರ್ಮ ಇರುತ್ತದಲ್ಲ, ಅಲ್ಲೊಂದು ಸೂಜಿ ಚುಚ್ಚಿದಂಥ ಗುರುತು ಮಾತ್ರ ಇತ್ತು.

ಮಾರನೆಯ ದಿನ ಪಕ್ಕದ ಬಲೆಯವಳು ದಾರ ಎಳೆದಳು. ಅವಳ ಬಲೆಗೆ ಒಂದು ವಿಚಿತ್ರ ಬಿದ್ದಿತ್ತು. ಬೆನ್ನು ಗೂನು, ಮಡಕೆ ಬೋರಲು ಹಾಕಿದ ಹಾಗೆ. ತಲೆ ಎಳ್ಳಿನಷ್ಟು, ಆ ಎಳ್ಳಿನ ತುಂಬ ಕಣ್ಣೇ ಕಣ್ಣು. ಎರಡು ರೆಕ್ಕೆ.

"ಊಟ ತಾನೇ ಅಜ್ಜಿ? ಬೇಗ ಹೇಳು, ಸುತ್ತಬೇಕು. ಥೂ, ಇದೇನು ತಲೆಯೋ, ಮೂಗುಬೊಟ್ಟಿನ ಹರಳೋ!"

ಅಜ್ಜಿ ಗೂನಿನ ಮೇಲೆ ಕಾಲಿಟ್ಟಳು. ಬಾಯಿಗಾಗಿ ತಡವಿದಳು. ಬಾಯಿ ಸಿಗಲಿಲ್ಲ. ಆ ಗೂನಿಗೆ ಬಾಯೇ ಇರಲಿಲ್ಲ. ಆದರೆ ರೆಕ್ಕೆ ಗುಂಯ್ ಅನ್ನುತ್ತಿತ್ತು, ಆ ಗುಂಯ್ ಅಜ್ಜಿಯ ಕಾಲಿನೊಳಗೆ ಮಾತಾಗಿ ಹತ್ತಿತು.

"ಕುಲ ಹೇಳೋವಳು ನೀನೇ ಏನು?" ಅಂದಳು ಗೂನಿ. "ನಮ್ಮಲ್ಲೂ ಕುಲ ಇದಾವೆ ತಾಯಿ. ನಾವೆಲ್ಲ ನೊಣವೇ. ಉದ್ದ ಮೂತಿಯೋರು ಒಬ್ಬರು, ಹೂವಿನ ಮನೆಗೆ ಹೋಗಿ ಜೇನು ಕುಡಿಯೋರು. ಬಾಯಿಲ್ಲದೋರು ನಾವು. ಬಿಲದಲ್ಲಿರೋ ಜೇಡರ ಮನೆಗೆ ಮಕ್ಕಳನ್ನ ಕಳಿಸೋರು ಬೇರೆ, ಬಲೆಯೋರ ಮನೆಗೆ ಕಳಿಸೋರು ಬೇರೆ. ಕುಲ ತಪ್ಪಿ ಹೋಗಲ್ಲ."

"ಮಕ್ಕಳನ್ನ ಕಳಿಸೋದು ಅಂದ್ರೆ?" ಅಂದಳು ಅಜ್ಜಿ, ಕಾಲಿನಲ್ಲೇ.

"ನಾನು ಒಣಕೊಂಬೆ ಮೇಲೆ ಮೊಟ್ಟೆ ಇಟ್ಟು ಬಿಟ್ಟುಬಿಡ್ತೀನಿ. ಸಾಕೋಕೆ ನನಗೆ ಬಾಯಿಲ್ಲ. ಅವು ತಾವೇ ಚಿಮ್ಮಿಕೊಂಡು ಬರ್ತಾವೆ. ರೆಕ್ಕೆ ಇಲ್ಲದೆ ಬರ್ತಾವೆ. ಮೊಣಕಾಲಿಂದ ಹತ್ತಿ, ಹೊಟ್ಟೇಲಿರೋ ಉಸಿರಿನ ಹಾಳೆ ಮಧ್ಯೆ ಹೋಗಿ ಮಲಗ್ತಾವೆ. ಎದ್ದ ದಿನ ಹಸಿವಾಗುತ್ತೆ. ಅಲ್ಲಿ ಮನೆಯೋಳನ್ನ ಬಿಟ್ರೆ ಬೇರೆ ಊಟ ಏನಿದೆ? ಎಲ್ಲ ಉಂಡು, ರೆಕ್ಕೆ ಕಟ್ಕೊಂಡು ಹೊರಗೆ ಬರ್ತಾವೆ. ನಾನೂ ಹಾಗೇ ಬಂದವಳು."

"ನಿನ್ನ ಸಾಕಿದವಳು?"

"ಇಲ್ಲೇ ಇದಾಳೆ" ಅಂದಳು ಗೂನಿ. "ನಾನೇ ಅವಳು. ಅವಳಷ್ಟೂ."

"ಏನಜ್ಜಿ, ತಿನ್ನೋ ಊಟದ ಹತ್ರ ಕಾಲಿಟ್ಟು ನಿದ್ದೆ ಹೊಡೀತಿದೀಯ?" ಅಂದಳು ಪಕ್ಕದ ಬಲೆಯವಳು. ಅವಳಿಗೆ ಕೇಳಿದ್ದು ಬರೀ ಗುಂಯ್.

ಅಜ್ಜಿ ದಾರಕ್ಕೆ ಹೋಗಿ "ಊಟ" ಅಂದಳು. ಗೂನಿಯನ್ನು ಸುತ್ತಿದರು. ಗುಂಯ್ ನಿಂತಿತು.

ಅಜ್ಜಿ ಅಲ್ಲಿಂದ ನೇರ ಮಗಳ ಮನೆಗೆ ಬಂದಳು. ಬಂದವಳೇ, "ಆ ಕಾಲು ಬಿಟ್ಟುಬಿಡೇ" ಅಂದಳು.

ಜೇಡರಿಗೆ ಅದೊಂದು ಸೌಕರ್ಯ ಉಂಟು. ಒಂದು ಕಾಲು ಬೇಡವಾದರೆ ಬುಡದಲ್ಲಿ ತಿರುಚಿ ಕಳಚಿಬಿಡಬಹುದು. ಚುಕ್ಕಿ ಇನ್ನೂ ಕಾಲಿನಲ್ಲೇ ಇತ್ತು. ಚರ್ಮದ ಕೆಳಗೆ ಮೆಲ್ಲಗೆ ಮೇಲಕ್ಕೆ ಹತ್ತುತ್ತಿರುವುದು ಬಿಸಿಲಿಗೆ ಹಿಡಿದರೆ ಕಾಣುತ್ತಿತ್ತು. ಕಾಲು ಕಳಚಿ ಬಾವಿಗೆ ಎಸೆದರೆ ಮಗಳು ಉಳಿಯುತ್ತಿದ್ದಳು.

"ಯಾಕವ್ವ?"

"ಅದು ನೆಂಟ ಅಲ್ಲ ಕಣೆ. ಅದು ನೊಣ. ನಿನ್ನ ತಿನ್ನುತ್ತೆ."

"ರೆಕ್ಕೆ ಎಲ್ಲಿದೆ?"

"ಆಮೇಲೆ ಬರುತ್ತೆ."

ಮಗಳು ನಕ್ಕಳು. "ಆಮೇಲೆ ಬರೋದನ್ನ ಯಾವಾಗವ್ವ ನೀನು ಎಣಿಸಿದ್ದು? ಇರುವೆ ಬಂದಾಗ ಎಣಿಸಿದ್ಯಾ?"

ಅಜ್ಜಿ ಹಿಡಿಯಲು ಬಂದರೆ ಮಗಳು ಆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಹೊಸ್ತಿಲಲ್ಲಿ ತೂಗ್ತಿದ್ದ ಚೀಲಾನ ಹೊತ್ಕೊಂಡು ಹೋದೋರು ನೆಂಟರು ಅಂತ ಸುಮ್ಮನಿದ್ದೆ. ಈಗ ನೆಂಟ ಅಂತ ಬಂದಿದ್ದನ್ನ ನಾನು ಬಿಡಲ್ಲ. ಬಿಡಬೇಕು ಅಂದ್ರೆ ದಾರದ ಮೇಲೆ ಕೂತು ಹೇಳು. ನೆಂಟ ಅಲ್ಲ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳು. ಈ ಕಾಲು ಈಗಲೇ ಬಿಡ್ತೀನಿ."

ಅಜ್ಜಿ ತನ್ನ ದಾರಕ್ಕೆ ಹೋದಳು. ಬಗ್ಗಿ, ದಾರಕ್ಕೆ ಬಾಯಿಟ್ಟಳು. ಬಾಯಿಟ್ಟರೆ ಅವಳ ತಾಯಿಯ ರುಚಿ ಬಂತು. ದಾರದ ಉದ್ದಕ್ಕೂ ಊರು ಇತ್ತು: ಒಬ್ಬಳು ಮಗುವಿಗೆ ಉಣಿಸುತ್ತಿದ್ದದ್ದು, ಒಬ್ಬಳು ಇನ್ನೊಬ್ಬಳನ್ನು ಬೈಯುತ್ತಿದ್ದದ್ದು, ಎಲ್ಲವೂ ಅವಳ ಹಲ್ಲಿಗೆ ತಾಗುತ್ತಿತ್ತು. ಮಾರನೆಯ ದಿನವೇ ಗಂಟಿನ ಹಬ್ಬ. ಊರಿನವರೆಲ್ಲ ಹೊಸ ದಾರ ತಂದು ಅವಳ ದಾರಕ್ಕೆ ಗಂಟು ಹಾಕಿ, ಪಾದ ಮುಟ್ಟಿ ಹೋಗುವ ದಿನ. ಹಬ್ಬವೊಂದು ಕಳೆಯಲಿ ಅಂದುಕೊಂಡಳು. ನಾಳೆ ಹೊತ್ತು ಇಳಿಯುತ್ತಿದ್ದ ಹಾಗೆ ಕಡಿದುಬಿಡುತ್ತೇನೆ ಅಂದುಕೊಂಡಳು.

ಹಬ್ಬ ಚೆನ್ನಾಗಿಯೇ ಆಯಿತು. ಪಕ್ಕದ ಬಲೆಯವಳೂ ಬಂದು ಗಂಟು ಹಾಕಿ, "ನೀನಿಲ್ಲದಿದ್ರೆ ನಮ್ಮೂರಿಗೆ ಊಟ ಯಾವುದು ಹಗೆ ಯಾವುದು ತಿಳೀತಿತ್ತಾ ಅಜ್ಜಿ" ಅಂದಳು. ಆ ಮಾತು ಅಜ್ಜಿಗೆ ಹಿತವಾಗಿತ್ತು. ಯಾರಿಗೆ ಆಗುವುದಿಲ್ಲ?

ಹೊತ್ತು ಇಳಿದ ಮೇಲೆ ಮಗಳ ಮನೆಗೆ ಬಂದಳು.

"ಈಗ ಹೋಗಿ ಕಡೀತೀನಿ ಕಣೆ. ಕಾಲು ಚಾಚು."

"ಕಾಲಲ್ಲಿ ಇಲ್ಲ ಅವ್ವ" ಅಂದಳು ಮಗಳು. ಹೊಟ್ಟೆಯ ಅಡಿಗೆ ಅಜ್ಜಿಯ ಕಾಲನ್ನು ಎಳೆದು ಇಟ್ಟುಕೊಂಡಳು. ಜೇಡರ ಉಸಿರು ಅಲ್ಲಿರುತ್ತದೆ, ಹಾಳೆಯ ಮೇಲೆ ಹಾಳೆ, ಪುಸ್ತಕ ಮಡಿಸಿಟ್ಟ ಹಾಗೆ. ಆ ಹಾಳೆಗಳ ನಡುವೆ ಚುಕ್ಕಿ ಮಲಗಿತ್ತು. ಬಾಲದ ತುದಿಯನ್ನು ಉಸಿರಿನ ಬಾಗಿಲಿಗೆ ಚಾಚಿಕೊಂಡು, ಮಗಳು ಉಸಿರಾಡಿದರೆ ತಾನೂ ಉಸಿರಾಡುತ್ತಿತ್ತು. "ನಿದ್ದೆ ಮಾಡ್ತಿದೆ. ಮೆಲ್ಲಗೆ ಮಾತಾಡು."

ಇನ್ನು ಕಡಿದು ಏನು? ಅಜ್ಜಿ ಕಡಿಯಲಿಲ್ಲ.

ಚುಕ್ಕಿ ಮಲಗಿತು. ಮಳೆ ಬಂತು, ಚುಕ್ಕಿ ಮಲಗಿತ್ತು. ಚಳಿ ಬಂತು, ಚುಕ್ಕಿ ಮಲಗಿತ್ತು. ಮಗಳು ಮೈಯ ಹಳೆಯ ಚರ್ಮ ಬಿಟ್ಟು ಹೊಸ ಚರ್ಮ ತೊಟ್ಟಳು. ಬಿಟ್ಟ ಚರ್ಮದಲ್ಲಿ ಹೋಗಿರಬಹುದು ಅಂತ ಅಜ್ಜಿ ಆಸೆಯಿಂದ ಅದನ್ನು ಕೆದಕಿ ಕೆದಕಿ ನೋಡಿದಳು. ಚುಕ್ಕಿ ಒಳಗೇ ಮಲಗಿತ್ತು. ದಿನಾ ಬೆಳಗ್ಗೆ ಅಜ್ಜಿ ಬಂದು ಮಗಳ ಹೊಟ್ಟೆಗೆ ಕಾಲಿಟ್ಟು ಕೇಳುವಳು. ಎರಡು ಉಸಿರು ಕೇಳುವವು, ಒಂದು ದೊಡ್ಡದು, ಒಂದು ಸಣ್ಣದು. ಮಗಳು ನೇಯುತ್ತಾ ಹಾಡು ಹೇಳುವಳು. ಅವಳ ಮುಖದಲ್ಲಿ ಕಳೆ ಬಂದಿತ್ತು. ಎಷ್ಟು ಕಾಲ ಹೀಗೆ ಹೋಯಿತೆಂದರೆ, ಗೂನಿ ಸುಳ್ಳು ಹೇಳಿರಬಹುದು ಅಂತ ಅಜ್ಜಿಗೆ ಅನ್ನಿಸತೊಡಗಿತು. ಸಾಯುವವಳು ಹೊಟ್ಟೆಯುರಿಗೆ ಏನೋ ಅಂದಿದ್ದಾಳೆ ಅಂದುಕೊಂಡಳು.

ಆಮೇಲೆ ಚುಕ್ಕಿ ಎದ್ದಿತು.

ಮಗಳ ಹೊಟ್ಟೆ ಊದಿತು. ಬೇರೆ ಮೈಯೆಲ್ಲ ಬಡವಾಗಿ ಹೊಟ್ಟೆಯೊಂದೇ ಊದಿತು. ಇಂಥ ವಿಷಯ ಊರಿನಲ್ಲಿ ನಿಲ್ಲುತ್ತದೆಯೇ? ದಾರದಿಂದ ದಾರಕ್ಕೆ, ಹೊಸ್ತಿಲಿನಿಂದ ಹೊಸ್ತಿಲಿಗೆ ಹರಿದಾಡಿತು. ಎಲ್ಲಕ್ಕಿಂತ ಮುಂದೆ ಪಕ್ಕದ ಬಲೆಯವಳು.

"ಅಜ್ಜಿ, ನಿನ್ನ ಮಗಳ ಹೊಟ್ಟೆ ನೋಡಿದ್ಯಾ? ಮೀಟಿದ್ದು ಯಾರಿಗೂ ಕೇಳಿಲ್ಲ. ತಿಥಿ ಊಟ ಯಾರಿಗೂ ಹಾಕಿಲ್ಲ. ಯಾರೇ ಅವನು? ಹಿತ್ತಲಿಂದ ಬಂದೋನಾ?"

"ಬಾಯಿ ಮುಚ್ಚೇ."

"ನಾನು ಮುಚ್ಚಿದ್ರೆ ಊರು ಮುಚ್ಚುತ್ತಾ? ಊರಿಗೆಲ್ಲ ಕುಲ ಹೇಳೋಳ ಮನೇಲಿ ಕುಲ ಇಲ್ಲದ ಬಸುರು ಅಂತ ಊರು ನಗ್ತಿದೆ. ಎಷ್ಟು ರೆಕ್ಕೆಯವನ ಜೊತೆ ಇದ್ದಳು, ಎರಡಾ ನಾಲ್ಕಾ, ಅದಾದ್ರೂ ಹೇಳಲಿ!"

ಅಜ್ಜಿ ತನ್ನ ದಾರದ ಮೇಲೆ ಹೋದಳು. ಎಲ್ಲ ಹೊಸ್ತಿಲಲ್ಲೂ ಕಾಲುಗಳು ಕಿವಿಯಾಗಿದ್ದವು. ಅಜ್ಜಿ ಹೇಳಿದಳು: "ನನ್ನ ಮಗಳ ಮನೆಗೆ ಬಂದದ್ದು ನೆಂಟ ಅಲ್ಲ. ನೊಣದ ಮರಿ. ಕುಲ ಹೇಳಿದವಳು ನಾನು, ನನ್ನ ಮಗಳದ್ದು ಏನೂ ತಪ್ಪಿಲ್ಲ." ಹೇಳಿ, ಬಗ್ಗಿ, ದಾರವನ್ನು ಕಡಿದಳು.

ಊರೆಲ್ಲ ಒಂದೇ ಸಲ ಜೋಲುಬಿತ್ತು. ಬಿಗಿಯಾಗಿದ್ದ ಬಲೆಗಳೆಲ್ಲ ಒದ್ದೆ ಸೀರೆಯ ಹಾಗೆ ಜೋತುಕೊಂಡವು. ಅಂದಿನಿಂದ ಹಾರಿಬಂದ ಊಟ ಬಲೆಗೆ ತಾಗಿದರೂ ಜಾರಿ ಹೋಗುತ್ತಿತ್ತು. ಹೆಂಗಸರು ಹಸಿದರು. ಹಸಿದವರು ಶಪಿಸಿದರು. ಮಗಳ ಮಾನ ಮುಚ್ಚುವುದಕ್ಕೆ ಮುದುಕಿ ಊರನ್ನೇ ಬಿಚ್ಚಿದಳು ಅಂದರು. ನೊಣದ ಮರಿ ಅನ್ನುವುದನ್ನು ಮಾತ್ರ ಯಾರೂ ನಂಬಲಿಲ್ಲ. ಹೊಟ್ಟೆ ಊದಿದೆ ಅಂದರೆ ಅದಕ್ಕೊಬ್ಬ ಗಂಡಸು ಇರಲೇಬೇಕು. ಊರಿನ ತಿಳುವಳಿಕೆ ಅಷ್ಟೇ.

ಕೂರುವ ಜಾಗ ಹೋದ ಮೇಲೆ ಅಜ್ಜಿ ಮಗಳ ಮನೆಯಲ್ಲೇ ಇದ್ದಳು.

ಮಗಳು ಕೊನೆಯ ಬಲೆ ನೇಯುತ್ತಿದ್ದಳು. ಅದು ಚಕ್ರದ ಬಲೆಯಾಗಿರಲಿಲ್ಲ. ಹಿಡಿಯುವ ಅಂಟೂ ಇರಲಿಲ್ಲ. ದಟ್ಟವಾಗಿ, ಬೆಳ್ಳಗೆ, ಮೆತ್ತಗೆ, ನಾಲ್ಕೂ ಕಡೆ ಗೋಡೆ ಎಬ್ಬಿಸಿದ ತೊಟ್ಟಿಲಿನ ಹಾಗೆ ಇತ್ತು. ಅಂಥ ನೇಯ್ಗೆಯನ್ನು ಅಜ್ಜಿ ಮಗಳಿಗೆ ಕಲಿಸಿರಲಿಲ್ಲ. ಅಜ್ಜಿಗೆ ಅವಳ ತಾಯಿ ಕಲಿಸಿರಲಿಲ್ಲ.

"ಇದು ಯಾರ ನೇಯ್ಗೆಯೇ?"

"ಗೊತ್ತಿಲ್ಲವ್ವ. ತಾನೇ ಬರ್ತಾ ಇದೆ."

"ಒಳಗಿರೋಳು ಮಾಡಿಸ್ತಿದಾಳೆ ಕಣೆ. ನಿನ್ನ ಕಾಲು ಅವಳು ಆಡಿಸ್ತಿದಾಳೆ."

"ಇರಬಹುದು." ಮಗಳು ಎಳೆ ಎಳೆದಳು, ಅಂಟಿಸಿದಳು, ಎಳೆ ಎಳೆದಳು. "ಇರುವೆ ಹೊತ್ಕೊಂಡು ಹೋದ ಚೀಲ ಇದ್ದಿದ್ರೆ ಅದಕ್ಕೂ ಇಂಥದೇ ನೇಯ್ತಿದ್ದೆ ಅನ್ಸುತ್ತೆ. ಯಾರು ಆಡಿಸಿದ್ರೇನವ್ವ, ಎಳೆ ನನ್ನ ಹೊಟ್ಟೆಯದು ತಾನೇ? ಆ ತುದಿ ಹಿಡ್ಕೋ."

ಅಜ್ಜಿ ಹಿಡಿದುಕೊಂಡಳು. ತಾಯಿ ಮಗಳು ಎದುರುಬದುರು ಕೂತು ನೇಯ್ದರು. ಮಗಳ ಎಳೆ ತೆಳ್ಳಗಾಗುತ್ತಾ ಬಂತು. ಉಸಿರಿನಲ್ಲಿ ದೊಡ್ಡದು ಸಣ್ಣದಾಯಿತು, ಸಣ್ಣದು ದೊಡ್ಡದಾಯಿತು. ಕೊನೆಯ ಎಳೆ ಬರಲೇ ಇಲ್ಲ. ಅಜ್ಜಿಯೇ ತನ್ನ ಹೊಟ್ಟೆಯಿಂದ ಒಂದು ಎಳೆ ತೆಗೆದು ತೊಟ್ಟಿಲಿನ ಬಾಯಿ ಹೆಣೆದಳು.

ಒಳಗಿನದು ಹೊರಗೆ ಬಂತು. ಬಿಳೀ ಹುಳ, ಮಗಳಷ್ಟೇ ದಪ್ಪ. ಮಗಳು ಅಂತ ಉಳಿದದ್ದು ಕಾಲಿನ ಸಿಪ್ಪೆ, ಹೊಟ್ಟೆಯ ಸಿಪ್ಪೆ. ಹುಳ ತೊಟ್ಟಿಲಿನಲ್ಲಿ ಮಲಗಿ ಗಟ್ಟಿಯಾಯಿತು. ಅಜ್ಜಿ ಪಕ್ಕದಲ್ಲಿ ಕೂತಳು. ಕಚ್ಚಿದ್ದರೆ ಆಗ ಒಂದೇ ಕಡಿತಕ್ಕೆ ಮುಗಿಯುತ್ತಿತ್ತು. ಕಚ್ಚಬೇಕು ಅಂತಲೇ ಬಗ್ಗಿದಳು. ಮೂಸಿದರೆ ಮಗಳ ವಾಸನೆ ಬಂತು. ಕೂತೇ ಇದ್ದಳು.

ಒಂದು ಮಧ್ಯಾಹ್ನ ಗಟ್ಟಿಯಾದದ್ದು ಬಿರಿಯಿತು. ಗೂನು ಬಂತು, ಎಳ್ಳಿನಂಥ ತಲೆ ಬಂತು, ತಲೆಯ ತುಂಬ ಕಣ್ಣು ಬಂತು. ಒದ್ದೆ ರೆಕ್ಕೆ ಎರಡು ಬಂದವು. ಪಕ್ಕದ ಬಲೆಯವಳು ಇಣುಕಿ ನೋಡಿ ಕೂಗಿಕೊಂಡಳು.

"ನೊಣವೇ ಕಣ್ರೇ! ಇಷ್ಟು ದಪ್ಪ ನೊಣ! ಎರಡು ರೆಕ್ಕೆ!"

ಹಸಿದ ಊರು ಜೋಲು ದಾರಗಳ ಮೇಲೆ ತಡವರಿಸುತ್ತಾ ಬಂದು ಹೊಸ್ತಿಲ ಸುತ್ತ ನೆರೆಯಿತು. ಆದರೆ ಕುಲ ಹೇಳಿಸದೆ ಮುಟ್ಟುವ ಹಾಗಿಲ್ಲವಲ್ಲ. ಕುಲ ಹೇಳಲು ದಾರ ಬೇಕು. ಆಗ ಅವರೇ ಅವಸರದಲ್ಲಿ ಮನೆಗೊಂದು ಎಳೆ ಹಾಕಿ, ಹೊಸೆದು, ಅಜ್ಜಿಯ ಕಾಲ ಬಳಿ ತಂದು ಕಟ್ಟಿದರು.

"ಕೂತ್ಕೋ ಅಜ್ಜಿ. ಆಗಿದ್ದು ಆಯ್ತು. ಊಟ ಅಂತ ಒಂದು ಮಾತು ಹೇಳು, ಮತ್ತೆ ನೀನೇ ನಮಗೆ ಕುಲದಜ್ಜಿ. ನಿನ್ನ ಮಗಳನ್ನ ತಿಂದಿದ್ದು ಅಲ್ವಾ ಅದು? ಮೊದಲ ತುತ್ತು ನಿನಗೇ."

ಅಜ್ಜಿ ದಾರವನ್ನು ನೋಡಿದಳು. ತೊಟ್ಟಿಲಿನಲ್ಲಿದ್ದವಳನ್ನು ನೋಡಿದಳು. ಕಾಲಿನ ತುದಿ ಒದ್ದೆ ಮಾಡಿಕೊಂಡು, ಬಾಲದಿಂದ ತಲೆಯವರೆಗೆ ತಡವಿದಳು. ರೆಕ್ಕೆಯ ಹತ್ತಿರ ಬಂದಾಗ ಅದು ಗುಂಯ್ ಅಂದಿತು. ಮಗಳು ನೇಯುತ್ತಾ ಹೇಳುತ್ತಿದ್ದ ಹಾಡು ಅದು. ಮಾತಿರಲಿಲ್ಲ, ರಾಗ ಅದೇ.

"ಏನಜ್ಜಿ? ಏನು ಅಂತ ಹೇಳು!"

ಅಜ್ಜಿ ತಡವುತ್ತಲೇ ಇದ್ದಳು. ಮೆಲ್ಲಗೆ ತಡವಿದಳು. ಒಂದು ರೆಕ್ಕೆ ಒರೆಸಿದಳು, ಇನ್ನೊಂದು ಒರೆಸಿದಳು. ತಡವುವವಳನ್ನು ನಡುವೆ ನಿಲ್ಲಿಸುವುದು ಕಟ್ಟಳೆಗೆ ವಿರುದ್ಧ. ಊರು ಜೊಲ್ಲು ನುಂಗುತ್ತಾ ಕಾದಿತು. ಬಿಸಿಲಿಗೆ ರೆಕ್ಕೆ ಒಣಗಿದವು. ಮೊಮ್ಮಗಳು ತೊಟ್ಟಿಲಿನ ಅಂಚಿಗೆ ಬಂದು, ಎದ್ದು, ಒಣಕೊಂಬೆಯ ಕಡೆಗೆ ಹಾರಿಹೋದಳು.

ಅಬ್ಬಾ, ಆಗ ಬಿದ್ದ ಬೈಗುಳ! ಬಾಯಿಗೆ ಬಂದ ಊಟ ಕಳೆದ ಮುಂಡೆ ಅಂದರು. ಮೊಮ್ಮಗಳ ಜೊತೆ ನೀನೂ ಹಾರಿ ಹೋಗು ಅಂದರು. ಅಜ್ಜಿ ಹಾರುವುದೆಲ್ಲಿಂದ ಬಂತು. ಹತ್ತಿದಳು. ಎಂಟು ಕಾಲಿನಲ್ಲಿ ಹತ್ತಿ, ಒಣಕೊಂಬೆ ಸೇರಿದಳು.

ಮೊಮ್ಮಗಳು ಅಲ್ಲಿ ಬಿಸಿಲು ಕಾಯುತ್ತಾ ಕೂತಿದ್ದಳು. ಎಲ್ಲಿಂದಲೋ ಒಬ್ಬ ಗೂನ ಬಂದ. ಮೀಟಲಿಲ್ಲ, ಕೇಳಲಿಲ್ಲ, ಬಂದ ಹಾಗೇ ಹೋದ. ಅವನನ್ನು ತಿನ್ನಲೂ ಇಲ್ಲ. ಅವಳಿಗೆ ಬಾಯಿ ಎಲ್ಲಿತ್ತು? ಆಮೇಲೆ ಮೊಮ್ಮಗಳು ಕೊಂಬೆಯ ಉದ್ದಕ್ಕೂ ಮೊಟ್ಟೆಯಿಟ್ಟಳು. ಕರೀ ಮೊಟ್ಟೆ, ರಾಗಿಗಿಂತ ಸಣ್ಣದು, ಯಾರೋ ಒಲೆಯ ಮಸಿ ಉದುರಿಸಿದ ಹಾಗೆ. ಇಟ್ಟು ಮುಗಿಸಿ ಅಜ್ಜಿಯ ಪಕ್ಕಕ್ಕೆ ಬಂದು ಕೂತಳು. ಕೂತಲ್ಲೇ ಹಗುರಾದಳು. ಗಾಳಿ ಬಂದು ಎತ್ತಿಕೊಂಡು ಹೋಯಿತು.

ಅಜ್ಜಿ ಕೊಂಬೆಯ ಮೇಲೆ ಉಳಿದಳು. ಕೆಳಗೆ ಊರು ಕಾಣುತ್ತಿತ್ತು. ಹೊಸದಾಗಿ ಹೊಸೆದ ದಾರ ನಡುವೆ ಖಾಲಿ ತೂಗುತ್ತಿತ್ತು. ಎಳೆಯ ಹುಡುಗಿಯರು ಮೊದಲ ಬಲೆ ನೇಯುತ್ತಾ, ಕಾಲು ಚಾಚಿಕೊಂಡು, ಯಾರನ್ನೋ ಆಡಿಕೊಂಡು ನಗುತ್ತಿದ್ದರು.

ಮೊಟ್ಟೆ ಒಡೆದವು. ಕೊಂಬೆಯ ತುಂಬ ಚುಕ್ಕಿಗಳು. ಎಲ್ಲವೂ ಬಾಲದ ಮೇಲೆ ನೆಟ್ಟಗೆ ನಿಂತು, ಕೆಳಗೆ ಊರಿನ ಕಡೆಗೆ ತೂಗಾಡಿದವು. ಅಜ್ಜಿ ಕೊಂಬೆಯ ಇಕ್ಕಟ್ಟಿನಲ್ಲಿ, ಅವು ಇಳಿಯಬೇಕಾದ ದಾರಿಯಲ್ಲಿ ಕೂತು, ಎಂಟು ಮೊಣಕಾಲನ್ನೂ ಮೇಲಕ್ಕೆ ಮಾಡಿದಳು.

"ಬನ್ರೇ, ಬನ್ರೇ" ಅಂದಳು. "ಎಲ್ಲಿಗೆ ಹೊರಟ್ರಿ, ಅಜ್ಜಿ ಇಲ್ಲಿದೀನಿ."

ಮೊದಲನೆಯದು ಚಿಮ್ಮಿಕೊಂಡು ಬಂದು ಮೊಣಕಾಲ ಮೇಲೆ ನಿಂತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇಡೀ ಕೊಂಬೆ. ಅಜ್ಜಿಯ ಮೈ ಕಪ್ಪಾಯಿತು. ಎಂಟು ಕಾಲಿನಲ್ಲೂ ಸೂಜಿ ಚುಚ್ಚಿದ ಹಾಗೆ ಚುರುಚುರು ಅಂದಿತು. ಅಜ್ಜಿ ಮಗಳ ಹಾಡನ್ನು ತಪ್ಪು ತಪ್ಪಾಗಿ ಹೇಳಿಕೊಂಡಳು. ಚುಕ್ಕಿಗಳು ಒಂದೊಂದಾಗಿ ತೂಗಾಡುವುದನ್ನು ನಿಲ್ಲಿಸಿದವು. ಕೊಂಬೆ ಖಾಲಿಯಾಗುವ ತನಕ ಅವಳು ಅಲುಗಲಿಲ್ಲ. ಮುಂಗಾಲಿನಿಂದ ಕೊಂಬೆಯನ್ನು ತುದಿಯಿಂದ ಬುಡದವರೆಗೆ ತಡವಿ ನೋಡಿದಳು. ಏನೂ ಉಳಿದಿರಲಿಲ್ಲ.

ಜೇಡ ಹೆಂಗಸು ಎಲ್ಲಿಂದ ಕೆಳಗಿಳಿದರೂ ಮೊದಲು ಒಂದು ಎಳೆ ಅಂಟಿಸಿಯೇ ಇಳಿಯುತ್ತಾಳೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಅಜ್ಜಿಯ ಹೊಟ್ಟೆ ತಾನಾಗಿಯೇ ಕೊಂಬೆಗೆ ಒತ್ತಿಕೊಂಡಿತು. ಎಳೆ ಅಂಟುವ ಮೊದಲೇ ಅಜ್ಜಿ ಅದನ್ನು ಮೇಲಕ್ಕೆತ್ತಿದಳು. ಕೆಳಗೆ, ಊರಿನ ಅಂಚಿನಾಚೆ, ಹಾಳುಬಾವಿ ಬಾಯಿ ತೆರೆದುಕೊಂಡಿತ್ತು. ಅಜ್ಜಿ ಕೊಂಬೆ ಹಿಡಿದಿದ್ದ ಕಾಲುಗಳನ್ನೆಲ್ಲ ಬಿಡಿಸಿ, ಮಕ್ಕಳ ಸುತ್ತ ಮಡಿಸಿಕೊಂಡಳು.

ಆ ಊರಿಗೆ ಸುದ್ದಿ ಬರುವುದು ದಾರದ ಮೇಲೆ. ಯಾವ ದಾರವೂ ಅಲುಗಲಿಲ್ಲ. ಸಂಜೆ ಪಕ್ಕದ ಬಲೆಯವಳು ತಲೆಯೆತ್ತಿ ನೋಡಿದರೆ ಕೊಂಬೆ ಖಾಲಿ.

"ನೋಡ್ರೇ, ಮುದುಕಿ ಹೋದಳು" ಅಂದಳು. "ಈ ವಯಸ್ಸಲ್ಲಿ ಯಾವನು ಬಂದು ಮೀಟಿದನೋ!"

ಊರೆಲ್ಲ ನಕ್ಕಿತು. ನಕ್ಕು ಸಾಕಾಗಿ, ಒಬ್ಬೊಬ್ಬಳೂ ತನ್ನ ತನ್ನ ಬಲೆಯಲ್ಲಿ ಕಾಲು ಚಾಚಿಕೊಂಡು ಮಲಗಿದಳು.